ಎದುರು ಗಾಳಿ

ಮೇ ಇಪ್ಪತ್ತಮೂರು. ಬೋಟುಗಳೆಲ್ಲ ದಡ ಹತ್ತುವ ವಾರ.
ಹೆಜಮಾಡಿಯಿಂದ ಉಳ್ಳಾಲಕ್ಕೆ ಒಂದು ಫೈಬರ್ ದೋಣಿ
ಪಿಕಪ್ಪಿನ ಬಾಲಕ್ಕೆ ಕಟ್ಟಿ ತರುತ್ತಿದ್ದೆ.
ಕುಂಟಿಕಾನದ ಏರಿನಲ್ಲಿ ಇಂಜಿನ್ ಕೂಗಿತು,
ಚಕ್ರಕ್ಕೆ ಕೇಳಿಸಲಿಲ್ಲ.
ಕನ್ನಡಿಯ ತುಂಬ ದೋಣಿಯ ಮೂತಿ,
ಬೆನ್ನೇರಲು ಹಟ ಹಿಡಿದ ಮಗುವಿನ ಹಾಗೆ.
ಅದರ ಹಿಂದೆ ತಲಪಾಡಿ ಬಸ್ಸು;
ಹಾರನ್ನಿಗೆ ಮಾತ್ರ ಸುಸ್ತಿಲ್ಲ.

ಬಾಣಲೆಯಲ್ಲಿ ಮರೆತ ಎಣ್ಣೆಯ ವಾಸನೆ.

ಕೂಳೂರಿನ ಹೊಳೆಬದಿಯಲ್ಲಿ ಮೋನಾಕರ ಗ್ಯಾರೇಜು.
ಅಳತೆಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ
ನಾಡಿ ಹಿಡಿದವರಂತೆ ಸುಮ್ಮನಿದ್ದರು.
"ಉಷ್ಣ ಆಗಿದೆ ವಾರಿಜಕ್ಕ, ಗೇರುಪೆಟ್ಟಿಗೆಗೆ ಉಷ್ಣ.
ಇದು ಪುನರ್ಪುಳಿ ಶರಬತ್ತಿನ ಬಣ್ಣ ಇರ್ಬೇಕು.
ನೋಡಿ, ಕಾಫಿಯ ಗಸಿ.
ಕಂಪನಿಯವರು ಕೂಲರ್ ಇಟ್ಟಿಲ್ಲ ಅಂತಲ್ಲ,
ರೇಡಿಯೇಟರಿನ ಹೊಟ್ಟೆಯೊಳಗೆ ಒಂದು ಉಂಟು.
ಖಾಲಿ ತಿರುಗುವವರಿಗೆ ಸಾಕು.
ದೋಣಿ ಎಳೆಯುವವರಿಗೆ ಅದು
ಬಚ್ಚಲ ಹಂಡೆಯಲ್ಲಿ ಬೊಂಡ ತಂಪು ಮಾಡಿದ ಹಾಗೆ."

ಕಪಾಟಿನಿಂದ ಇಳಿಸಿದರು: ಶಾಲೆಯ ಸ್ಲೇಟಿನಷ್ಟಗಲ,
ಅಲ್ಯುಮಿನಿಯಂ ತಟ್ಟೆಗಳ ಸಾಲು, ನಡುನಡುವೆ ಸಣ್ಣ ಮಡಿಕೆ.
ಬಂಗುಡೆಯ ಕಿವಿರೆತ್ತಿ ಅದು ನಿನ್ನೆಯದೋ ಇವತ್ತಿನದೋ ಹೇಳಬಲ್ಲೆ,
ಈ ಕಿವಿರಿನಲ್ಲಿ ಏನೂ ತಿಳಿಯಲಿಲ್ಲ.
ಆದರೂ ಹನ್ನೊಂದು ಸಾವಿರವನ್ನು
ಒಂಬತ್ತೂವರೆಗೆ ಇಳಿಸಿದೆ. ಅಭ್ಯಾಸ.

ಬಂಪರು ಬಿಚ್ಚಿತು. ಏಸಿಯ ಜಾಲರಿಗೂ ಮುಂದೆ,
ಮೊದಲ ಗಾಳಿ ಬಂದು ಬಡಿಯುವಲ್ಲಿ ಅದರ ಜಾಗ.
ಹುಡುಗ ಸಿನಾನ್ ಪ್ಲಾಸ್ಟಿಕ್ ಪಟ್ಟಿ ಹಿಡಿದು ಬಂದ.
"ಕಿವಿರಿಗೆ ದಾರ ಪೋಣಿಸ್ಬೇಡ,
ಅಲುಗಾಡಿ ಅಲುಗಾಡಿ ತೂತು ಬೀಳ್ತದೆ."
ಕಬ್ಬಿಣದ ಪಟ್ಟಿ ಕೊಯ್ದು, ಬಗ್ಗಿಸಿ, ಬೋಲ್ಟು ಹಾಕಿದರು.
ಫ್ಯಾನಿಗೆ ತಾಗದ ಹಾಗೆ ಹೋಸು ಸುತ್ತಿಸಿದರು.
ಎಣ್ಣೆ ಮೊದಲು ಹಳೆ ಕೂಲರಿಗೆ, ಅಲ್ಲಿಂದ ಇದಕ್ಕೆ,
ಆಮೇಲೆ ಮನೆಗೆ.

ಅಜ್ಜಿ ಚಹಾವನ್ನು ಲೋಟದಿಂದ ಲೋಟಕ್ಕೆ
ಮೊಳದೆತ್ತರದಿಂದ ಹೊಯ್ಯುತ್ತಿದ್ದಳು.
ಆರಿಸುತ್ತಿದ್ದದ್ದು ಲೋಟವಲ್ಲ, ನಡುವಿನ ಗಾಳಿ.
ಚಹಾ ಆರುತ್ತದೆ, ದೀಪವೂ ಆರುತ್ತದೆ;
ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಬಾಗಿಲು.
ತಮ್ಮ ನನ್ನ ಪಾಲಿನ ಬಲೆ ಮಾರಿ ಹನ್ನೆರಡು ವರ್ಷ.
ಸಿಟ್ಟು ಯಾವ ಬಗೆಯಲ್ಲಿ ಆರಿತೆಂದು
ಕೇಳಿದರೆ ಹೇಳಲಾರೆ.

"ನನಗೂ ಒಂದು ಕೂರಿಸಿ ಮೋನಾಕ, ಪ್ರೆಶರಿನ ಮಾತ್ರೆ ತಪ್ಪಲಿ."
ಅವರು ನಗಲಿಲ್ಲ, ಸ್ಪ್ಯಾನರು ಒರೆಸಿದರು.
"ಕೂರಿಸಬಹುದು. ಆದ್ರೆ ಇದಕ್ಕೆ ಎದುರು ಗಾಳಿ ಬೇಕು.
ನಿಂತ ಗಾಡಿಯಲ್ಲಿ ಇದು ಬರೀ ತಗಡು."

ಶನಿವಾರ ಅದೇ ಏರು, ಅದೇ ತೂಕದ ಇನ್ನೊಂದು ದೋಣಿ.
ಸ್ಟೇರಿಂಗಿನ ಪಕ್ಕ ಅವರು ಅಂಟಿಸಿದ ಪುಟ್ಟ ಮೀಟರು:
ತೊಂಬತ್ತೆರಡು. ತೊಂಬತ್ತೇಳು.
ತುದಿಯಲ್ಲಿ ನೂರ ಒಂದು, ಅಲ್ಲೇ ನಿಂತಿತು.
ನಂತೂರಿನ ಸರ್ಕಲ್ಲಿನಲ್ಲಿ ನಾನೂ ನಿಂತೆ.
ಗ್ಯಾಸ್ ಟ್ಯಾಂಕರುಗಳು ಒಂದಾದ ಮೇಲೊಂದು,
ಮೀಟರು ನೂರ ಆರು, ನನ್ನ ಕುತ್ತಿಗೆಯಲ್ಲಿ ಬೆವರು.
ತಗಡು, ಅಂದುಕೊಂಡೆ, ಇಬ್ಬರೂ.

ನೇತ್ರಾವತಿ ಸೇತುವೆಯಲ್ಲಿ ಅಳಿವೆಯಿಂದ ಅಡ್ಡಗಾಳಿ.
ಓಡುವವಳಿಗೆ ಅದೂ ಅರ್ಧ ಎದುರೇ.
ಎಂಬತ್ತೆಂಟು.

ಉಳ್ಳಾಲದ ಶೆಡ್ಡಿನಲ್ಲಿ ದೋಣಿ ಇಳಿಸಿ ಬಗ್ಗಿ ನೋಡಿದೆ.
ಮರಳಿನ ಮೇಲೆ ಒಂದು ಹನಿ, ಕೆಂಪು.
ಬೆರಳಿಗೆ ಒತ್ತಿ ಮೂಸಿದೆ. ಸುಟ್ಟಿಲ್ಲ.
ಸ್ಕ್ರೂಡ್ರೈವರ್ ತಂದು
ಕ್ಲಿಪ್ಪಿಗೆ ಅರ್ಧ ಸುತ್ತು ಕೊಟ್ಟೆ.